ಪಾಳೇಗಾರನ ಸಾಲ

ಶಶಿರೇಖ ಮೇಡಂ ಫೋಟೊ ಬೆಳಗಿನ ಪೇಪರಿನಲ್ಲಿ ಬಂದದ್ದೇ ಮುನೀಂದ್ರನಿಗೆ ಹೊಟ್ಟೆ ಉರಿಯತೊಡಗಿತು. ಆಂಡರ್ಸನ್‌ಪೇಟೆಯ ಕಾಲೇಜಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಹೇಳುತ್ತಿದ್ದ. ಮೇಡಂ ಬಂದು ಎರಡು ವರ್ಷವಾಗಿರಲಿಲ್ಲ. ಮುನ್ನೂರು ವರ್ಷದ ಹಿಂದೆ ಪಾಳೇಗಾರರು ಪ್ರಜೆಗಳಿಂದ ಸಾಲ ಎತ್ತುತ್ತಿದ್ದುದು ಹೇಗೆ, ಯಾವ ಕಟ್ಟುಪಾಡನ್ನು ನಂಬಿ ಜನ ಕೊಡುತ್ತಿದ್ದರು ಎಂದು ಸಂಶೋಧನೆ ಮಾಡಿ ಆಗಲೇ ಹೆಸರು ಗಳಿಸಿದ್ದರು. ಮಧ್ಯಾಹ್ನ ಅದರ ಮೇಲೇ ಅವರ ಭಾಷಣ. ಅದು ಮುಗಿದೊಡನೆ ವಿಭಾಗದ ಮುಖ್ಯಸ್ಥರು ಯಾರೆಂದು ಪ್ರಿನ್ಸಿಪಾಲರು ಹೇಳುವವರಿದ್ದರು. ಮುನೀಂದ್ರ ಆ ಕುರ್ಚಿಗೆಂದು ದಿಂಬನ್ನೂ ಕೊಂಡಿಟ್ಟುಕೊಂಡಿದ್ದ.

ಟೀ ಅಂಗಡಿಯ ಚಿಕ್ಕಮುನಿಯಪ್ಪನ ಕಿವಿಯಲ್ಲಿ ಅವನು ಪಿಸುಗುಟ್ಟಿದ: “ಯಾರಿಗೂ ಹೇಳ್ಬೇಡ. ನಿಮ್ಮ ಹಿರೀಕರು ಪಾಳೇಗಾರನಿಗೆ ಸಾಲ ಕೊಟ್ಟ ಪತ್ರ ಇದ್ರೆ ಮಧ್ಯಾಹ್ನ ಮೇಡಂಗೆ ತೋರ್ಸು. ಬಡ್ಡಿ ಸಮೇತ ಬರುತ್ತೆ.”

“ನಾನ್ಯಾಕ್ ಯೋಳ್ಲಿ ಸಾ!” ಎಂದ ಚಿಕ್ಕಮುನಿಯಪ್ಪ, ಮುಂದಿನ ಗಿರಾಕಿಗೇ ಹೇಳಿದ.

ಜನ ಗಲಾಟೆ ಎಬ್ಬಿಸಿ ಭಾಷಣ ಕೆಡಿಸಲಿ ಎಂಬುದು ಮುನೀಂದ್ರನ ಆಸೆ. ಜನರೇನೋ ಬಂದರು. ಬಂಗಾರಪೇಟೆಯಿಂದ ರೈಲು ಹತ್ತಿ ಬಂದವರೂ ಸೇರಿ, ಹಳೇ ಪತ್ರಗಳ ಟ್ರಂಕು, ಗೋಣಿಚೀಲ ಹೊತ್ತವರಿಂದ ಸಭಾಂಗಣ ಕಿಕ್ಕಿರಿಯಿತು. ಮೇಡಂ ಹೆದರುವ ಬದಲು ಹಬ್ಬದಡಿಗೆ ಕಂಡವರಂತೆ ಕಣ್ಣರಳಿಸಿದರು.

“ನನ್ನ ಭಾಷಣಕ್ಕೆ ಹುಡುಗ್ರೇ ಕೂರಲ್ಲ. ಇವರಿಗೆ ಊರೇ ಬಂದಿದೆ!” ಎಂದು ಪ್ರಿನ್ಸಿಪಾಲರು ಅಲ್ಲೇ ಶಶಿರೇಖರನ್ನು ಮುಖ್ಯಸ್ಥೆ ಎಂದು ಸಾರಿಬಿಟ್ಟರು. ಮುನೀಂದ್ರನಿಗೆ ಕೊಂಡಿಟ್ಟ ದಿಂಬು ನೆನಪಾಯಿತು.

“ಪಾಳೇಗಾರರೇ ಇಲ್ಲ, ದುಡ್ಡು ಯಾರೂ ಕೊಡಲ್ಲ ಕಣ್ರಪ್ಪಾ,” ಎಂದರು ಮೇಡಂ.

“ಮತ್ತೆ ಈ ಸಾ ಯಾಕಂಗಂದ್ರು?” ಚಿಕ್ಕಮುನಿಯಪ್ಪ ಬೆರಳು ತೋರಿಸಿದ. ಮುನೀಂದ್ರ ಕಂಬದ ಹಿಂದೆ ಸರಿದ.

ಅಷ್ಟರಲ್ಲಿ ಅವನ ಹೆಂಡತಿ ಕಲ್ಪನ ತಗಡಿನ ಟ್ರಂಕಿನೊಂದಿಗೆ ಆಟೋದಿಂದಿಳಿದು ಒಳಗೆ ಬಂದಳು. “ಏನ್ರೀ, ಊರಿಗೆಲ್ಲ ಹೇಳಿ ಮನೇಗೆ ಹೇಳ್ಲಿಲ್ವಲ್ರೀ! ತಗೊಳ್ಳಿ ಮೇಡಂ, ನಮ್ಮ ಯಜಮಾನ್ರ ವಂಶದ್ದು.”

ಮೇಡಂ ಪತ್ರ ಬಿಡಿಸಿ ಓದಿದರು. “ಸಿಕ್ಕಿತು! ಜನ ನಂಬಿದ್ದು ಪಾಳೇಗಾರನನ್ನಲ್ಲ, ಜಾಮೀನು ನಿಂತವನನ್ನ. ಕೇಳಿ: ‘ಸುತ್ತಲ ಹಳ್ಳಿಗಳು ಕೊಟ್ಟ ಸಾಲವನ್ನು ದೊರೆ ತೀರಿಸದಿದ್ದರೆ ನಾನು, ನನ್ನ ಮಕ್ಕಳು, ಮೊಮ್ಮಕ್ಕಳು, ಸೂರ್ಯಚಂದ್ರರಿರುವ ತನಕ ಹೊಣೆ.’”

ಎಲ್ಲರೂ ಕಂಬದ ಕಡೆ ತಿರುಗಿದರು.

“ಅದು... ಹಳೇ ಕಾಲದ್ದು,” ಎಂದು ತೊದಲಿದ ಮುನೀಂದ್ರ.

ಚಿಕ್ಕಮುನಿಯಪ್ಪ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದ.

“ಸೂರ್ಯ ಅಲ್ಲೇ ಅವ್ನಲ್ಲ ಸಾ.”