ಮುನ್ನೂರ ಹದಿನೆಂಟನೆಯ ಪುಟ

ಆಫೀಸಿನ ಮೇಜಿನ ಮೇಲೆ ಇಟ್ಟ ವಸ್ತು ಯಾರದೆಂಬ ಪ್ರಶ್ನೆಯನ್ನು ಯಾವ ಕಾನೂನೂ ಇನ್ನೂ ಬಗೆಹರಿಸಿದಂತಿಲ್ಲ. ಪೆನ್ನು ಇಟ್ಟರೆ ಹತ್ತು ನಿಮಿಷದಲ್ಲಿ ಅದು ಸಾರ್ವಜನಿಕ ಆಸ್ತಿಯಾಗುತ್ತದೆ. ನನ್ನ ಸ್ಟೇಪ್ಲರ್ ಎರಡು ತಿಂಗಳಿನಿಂದ ಅಕೌಂಟ್ಸ್‌ನವರ ಬಳಿ ಸಂಸಾರ ಹೂಡಿದೆ. ನಾನು ತಂದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ನನಗೇ ಯಾರೋ "ಸ್ವಲ್ಪ ಹಾಕಿಕೊಳ್ಳಿ" ಎಂದು ಉಪಚರಿಸಿ ಮುಂದಕ್ಕೆ ತಳ್ಳಿದ್ದುಂಟು. ಇದಕ್ಕೆಲ್ಲ ನಾನು ಜಗಳ ಮಾಡಿದವಳಲ್ಲ. ಜಗಳಕ್ಕೆ ಬೇಕಾದಷ್ಟು ಮಾತನ್ನು ಒಟ್ಟಿಗೆ ಆಡುವ ಅಭ್ಯಾಸವೇ ನನಗಿಲ್ಲ. ಆದರೆ ಒಂದು ಪುಸ್ತಕದ ವಿಷಯದಲ್ಲಿ ನಾನು ಬಗ್ಗಲಿಲ್ಲ. ಬಗ್ಗಬೇಕಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಅವರು ಹೇಳಲಿ.

ಆ ಪುಸ್ತಕ ನನಗೆ ಸಿಕ್ಕಿದ್ದು ವಾಷಿಂಗ್ ಮೆಷಿನ್ ಸಿಗದೆ ಹೋದದ್ದರಿಂದ. ದೋಹಾದಲ್ಲಿ ಕೆಲಸ ಮುಗಿಸಿ ಊರಿಗೆ ಹೊರಡುವವರು ಸೂಪರ್ ಮಾರ್ಕೆಟ್ಟಿನ ಬೋರ್ಡಿನಲ್ಲಿ ಚೀಟಿ ಅಂಟಿಸಿ ಮನೆಯ ಸಾಮಾನನ್ನೆಲ್ಲ ಮಾರಿ ಹೋಗುತ್ತಾರೆ. ಅಂಥ ಚೀಟಿಯೊಂದನ್ನು ನಂಬಿ ನನ್ನ ಗಂಡ, ದೂರದ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮಾಡಿ ವಾರಕ್ಕೊಮ್ಮೆ ಮನೆಗೆ ಬರುವವರು, ಒಂದು ಶುಕ್ರವಾರ ನನ್ನನ್ನು ಅಲ್ ರಯ್ಯಾನ್‌ಗೆ ಕರೆದುಕೊಂಡು ಹೋದರು. ಮೆಷಿನ್ ಆಗಲೇ ಯಾರದೋ ಪಾಲಾಗಿತ್ತು. ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಈ ಪುಸ್ತಕ ಬಿದ್ದಿತ್ತು. ಯುರೋಪಿನ ಪುನರುಜ್ಜೀವನ ಕಾಲದ ಕಲೆ ಮತ್ತು ವಾಸ್ತುಶಿಲ್ಪಕ್ಕೊಂದು ಕೈಪಿಡಿ. ಕೈಪಿಡಿ ಎಂಬುದು ಪ್ರಕಾಶಕರ ಮಾತು, ಅದನ್ನು ಎತ್ತಲು ಎರಡು ಕೈಯೂ ಒಂದು ಮೊಣಕಾಲೂ ಬೇಕು. ಕಮಾನು, ಗುಮ್ಮಟ, ಕಂಬ, ಚಿತ್ರಕಾರರು, ಅವರಿಗೆ ಅನ್ನ ಹಾಕಿದ ಶ್ರೀಮಂತರು, ಎಲ್ಲರೂ ಅಕಾರಾದಿಯಾಗಿ ಸಾಲಾಗಿ ನಿಂತಿದ್ದರು. ಎಂ.ಎ.ಯಲ್ಲಿ ಇತಿಹಾಸ ಓದಿ, ಬಸದಿಗಳ ಕಂಬ ಅಳೆದು ನಕ್ಷೆ ಬರೆದು, ಮದುವೆಯಾಗಿ ಇಲ್ಲಿಗೆ ಬಂದು ಕೊಟೇಶನ್ ಟೈಪ್ ಮಾಡುತ್ತಿದ್ದವಳಿಗೆ ಅದನ್ನು ಕಂಡು ಹೇಗಾಗಿರಬೇಡ. ನನ್ನ ಗಂಡ ಒಂದೆರಡು ಪುಟ ಮಗುಚಿ, ಮೈಮೇಲೆ ಒಂದೆಳೆ ನೂಲಿಲ್ಲದೆ ನಿಂತ ದೇವತೆಗಳನ್ನು ನೋಡಿ, "ಇವರಿಗೆ ವಾಷಿಂಗ್ ಮೆಷಿನ್ನಿನ ಚಿಂತೆಯೇ ಇಲ್ಲ ಬಿಡು" ಎಂದರು. ಪುಸ್ತಕ ಮನೆಗೆ ಬಂತು.

ಅದು ಮನೆಯಲ್ಲೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಮ್ಮ ಆಫೀಸಿಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಿಡುವು. ಎಲ್ಲರೂ ಮನೆಗೆ ಹೋಗಿ ಉಂಡು ಮಲಗಿ ಏಳುತ್ತಾರೆ. ಗಂಡನೊಂದಿಗೆ ಕಾರೂ ರಾಸ್ ಲಫಾನ್‌ನಲ್ಲಿರುವುದರಿಂದ ನಾನು ಅಲ್ ಮುಂತಜಾದ ಮನೆಗೆ ಹೋಗದೆ ಎ.ಸಿ.ಯ ಕೆಳಗೆ ಕುಳಿತು ಓದುತ್ತಿದ್ದೆ. ನಮ್ಮದು ವಿಲ್ಲಾಗಳಿಗೆ ಜಿಪ್ಸಮ್ಮಿನ ಕಂಬ, ಕಮಾನು, ಹೂಬಳ್ಳಿ ಮಾಡಿಕೊಡುವ ಆಫೀಸು. ಅಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಉಳ್ಳಾಲದ ಹಮೀದ್ ಇಡೀ ಯುರೋಪಿನ ಕಂಬಗಳನ್ನು ಮೂರೇ ಜಾತಿಯಾಗಿ ವಿಂಗಡಿಸಿದ್ದ: ಬೋಳು ಕಂಬ, ಚಕ್ಕುಲಿ ಕಂಬ, ಹೂಕೋಸು ಕಂಬ. ನಾನು ಪುಸ್ತಕ ತೆರೆದು ಅವುಗಳ ಸರಿಯಾದ ಹೆಸರು, ಹುಟ್ಟಿದ ಊರು, ಎತ್ತರಕ್ಕೂ ದಪ್ಪಕ್ಕೂ ಇರಬೇಕಾದ ಅನುಪಾತವನ್ನೆಲ್ಲ ವಿವರಿಸಿದೆ. ಹಮೀದ್ ಪೂರ್ತಿ ಕೇಳಿ, "ಮೇಡಂ, ಅಷ್ಟು ಉದ್ದ ಹೇಳುವಷ್ಟರಲ್ಲಿ ವರ್ಕ್‌ಶಾಪಿನಲ್ಲಿ ಜಿಪ್ಸಮ್ ಗಟ್ಟಿಯಾಗ್ತದೆ" ಎಂದ. ಅವನದು ತಪ್ಪಲ್ಲ. ಚಕ್ಕುಲಿ ಎಂದರೆ ಇಂದಿಗೂ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಕಂಬವೇ.

ಒಂದು ದಿನ ಗಿರಾಕಿಯೊಬ್ಬರು ಬಂದಾಗ ನಮ್ಮ ಕ್ಯಾಟಲಾಗು ಬೇರೆಲ್ಲೋ ಹೋಗಿತ್ತು. ಮ್ಯಾನೇಜರ್ ವಿಠಲ ಶೆಟ್ರು, ಕಾರ್ಕಳದ ಕಡೆಯವರು, ನನ್ನ ಮೇಜಿನಿಂದ ಪುಸ್ತಕ ಎತ್ತಿಕೊಂಡು ಹೋದರು. ಗಿರಾಕಿ ಮರುಳಾದರು. ಆ ಹೊತ್ತಿನಿಂದ ನನ್ನ ಪುಸ್ತಕಕ್ಕೆ ಕ್ಯಾಟಲಾಗು ಎಂದು ಹೆಸರಾಯಿತು. ಪುಟಗಳ ನಡುವೆ ಹಳದಿ ಚೀಟಿಗಳು ಹುಟ್ಟಿದವು. ಒಂದು ಗುಮ್ಮಟದ ಸುತ್ತ ಚಹಾ ಲೋಟದ ಉಂಗುರ ಮೂಡಿತು. ನಾನು ಶಾಲೆಯ ಮಕ್ಕಳ ಹಾಗೆ ಕಂದು ಕಾಗದದ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ವಾರಿಜಾ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಮರುದಿನ ನೋಡಿದರೆ ಒಳಗಿನ ಮೊದಲ ಪುಟದಲ್ಲಿ ಆಫೀಸಿನ ದುಂಡು ಸೀಲು. ಕೇಳಿದೆ.

"ಸೇಫ್ಟಿಗೆ ಮಾರಾಯ್ರೆ," ಎಂದರು ಶೆಟ್ರು. "ಸೀಲು ಇಲ್ಲದ ವಸ್ತು ಈ ದೇಶದಲ್ಲಿ ಉಳಿಯುದುಂಟಾ?"

ಆಗಲೇ ನಾನು ಪುಸ್ತಕವನ್ನು ಮನೆಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಮೆಲುದನಿಯವರ ಕಷ್ಟವೇ ಇದು. ನಾವು ಮನಸ್ಸಿನಲ್ಲಿ ಕೋಪಿಸಿಕೊಂಡದ್ದು ಎದುರಿನವರಿಗೆ ಕೇಳಿಸಿದೆ ಎಂದು ತಿಳಿದುಕೊಳ್ಳುತ್ತೇವೆ.

ಅನಂತರ ಅಬು ಖಾಲಿದ್ ಬಂದರು. ಎಪ್ಪತ್ತರ ಹತ್ತಿರದ, ಗಂಭೀರವಾದ ಕತಾರಿ ಹಿರಿಯರು. ಅಲ್ ರಯ್ಯಾನ್‌ನಲ್ಲಿ ಹೊಸ ವಿಲ್ಲಾ ಕಟ್ಟಿಸುತ್ತಿದ್ದರು. ಅತಿಥಿಗಳು ಕೂರುವ ಮಜ್ಲಿಸ್‌ಗೆ ಯಾರಲ್ಲೂ ಇಲ್ಲದ ಬಾಗಿಲು ಬೇಕೆಂದು ಅರ್ಧ ಗಂಟೆ ಪುಟ ಮಗುಚಿ, ಮುನ್ನೂರ ಹದಿನೆಂಟನೆಯ ಪುಟದ ಮೇಲೆ ಬೆರಳಿಟ್ಟರು. ಎರಡು ಹೂಕೋಸು ಕಂಬ, ನಡುವೆ ಎತ್ತರದ ಕಮಾನು, ಮೇಲೆ ಹೂಮಾಲೆ ಹಿಡಿದ ಪುಟ್ಟ ವಿಗ್ರಹಗಳು. ಕಮಾನಿನ ಒಳಗೆಲ್ಲ ಕತ್ತಲು. ವಿಗ್ರಹಗಳು ಬೇಡ, ಉಳಿದದ್ದೆಲ್ಲ ಹೀಗೇ ಇರಲಿ ಎಂದು ಹೇಳಿ ಹೋದರು.

ತೊಂದರೆ ಬಂದದ್ದು ಜೆರಾಕ್ಸಿನಿಂದ. ಎಷ್ಟು ಸಲ ತೆಗೆದರೂ ಕಮಾನು ಕಾಡಿಗೆ ಡಬ್ಬಿಯ ಹಾಗೆ ಬರುತ್ತಿತ್ತು. ಇದನ್ನು ನೋಡಿ ಅಚ್ಚು ಮಾಡಲಿಕ್ಕಾಗದು, ಅಸಲು ಪುಟವೇ ಬೇಕು ಎಂದರು ವರ್ಕ್‌ಶಾಪಿನವರು. ಶೆಟ್ರು ಡ್ರಾಯಿಂಗ್ ಬೋರ್ಡಿನ ಬ್ಲೇಡು ಹಿಡಿದು ನನ್ನ ಮೇಜಿಗೆ ಬಂದರು. ನಾನು ಪುಟದ ಮೇಲೆ ಅಂಗೈ ಇಟ್ಟೆ.

"ಎಂತ ಮಾರಾಯ್ರೆ, ಆರುನೂರು ಪೇಜು ಉಂಟು. ಒಂದು ಹೋದ್ರೆ ಅದಕ್ಕೆ ಗೊತ್ತೇ ಆಗುದಿಲ್ಲ."

"ನಿಮಗೆ ಹತ್ತು ಬೆರಳುಂಟು ಸರ್," ಎಂದೆ.

ಹಮೀದ್ ಬೋರ್ಡಿನ ಹಿಂದೆ ತಲೆ ತಗ್ಗಿಸಿದ. ಅವನ ಬೆನ್ನು ಕುಲುಕುತ್ತಿತ್ತು. ಶೆಟ್ರು ಬ್ಲೇಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನಿಮ್ಮ ವೀಸಾ ನಮ್ಮದಾಗಿದ್ರೆ ನೀವು ಹೀಗೆ ಮಾತಾಡ್ತಿದ್ರಾ?" ಎಂದರು. ನಿಜ ಹೇಳಬೇಕೆಂದರೆ ಆಡುತ್ತಿರಲಿಲ್ಲವೋ ಏನೋ. ನನ್ನ ವೀಸಾ ಗಂಡನ ಹೆಸರಿನಲ್ಲಿತ್ತು, ಕೆಲಸ ಹೋದರೂ ದೇಶ ಬಿಡಬೇಕಾಗಿರಲಿಲ್ಲ. ನನ್ನ ಧೈರ್ಯದ ಅರ್ಧ ಭಾಗಕ್ಕೆ ಇಮಿಗ್ರೇಶನ್ ಇಲಾಖೆಯೇ ಕಾರಣ. ಉಳಿದರ್ಧ ಮಾತ್ರ ನನ್ನದು. "ಪುಟ ಕೊಡುವುದಿಲ್ಲ. ನಕ್ಷೆ ನಾನೇ ಬರೆದುಕೊಡುತ್ತೇನೆ" ಎಂದೆ.

ನಾಲ್ಕು ಮಧ್ಯಾಹ್ನ ಕುಳಿತು ಬರೆದೆ. ಕಂಬದ ಗೀರುಗಳನ್ನು ಎಣಿಸಿದೆ, ಎಲೆಗಳನ್ನು ಎಣಿಸಿದೆ. ನಾಲ್ಕನೆಯ ದಿನ ಹಮೀದನ ಭೂತಗನ್ನಡಿ ತಂದು ಕಮಾನಿನ ಒಳಗಿನ ಕತ್ತಲೆಯನ್ನು ನೋಡಿದಾಗ ಅಲ್ಲಿ ಎರಡು ಪಾದಗಳು ಕಂಡವು. ಜೋಡಿಸಿಟ್ಟ ಪಾದಗಳು, ಬೆರಳುಗಳು ಮೇಲ್ಮುಖ. ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಯ ಮೇಲೆ ಮಡಚಿದ ಕೈಗಳಿಗೆ ಬಂದಾಗ ನನಗೆ ಅನುಮಾನ ಬಂತು. ಚಿತ್ರದ ವಿವರಣೆ ಹಿಂದಿನ ಪುಟದ ಅಡಿಯಲ್ಲಿ ಸಣ್ಣ ಓರೆ ಅಕ್ಷರದಲ್ಲಿತ್ತು. ಅದು ಬಾಗಿಲೇ ಅಲ್ಲ. ಇಟಲಿಯ ಯಾವನೋ ಪಂಡಿತನ ಗೋರಿ. ಇತಿಹಾಸದ ಎಂ.ಎ., ಪುಸ್ತಕದ ಒಡತಿ, ಕಂಬದ ಅನುಪಾತದ ಮೇಲೆ ಭಾಷಣ ಮಾಡಿದವಳು, ಆ ಒಂದು ಸಾಲಿನ ವಿವರಣೆಯನ್ನು ಓದಿರಲಿಲ್ಲ.

ಶೆಟ್ರಿಗೆ ಹೇಳಿದೆ. ಅವರು ಎದ್ದು ಕ್ಯಾಬಿನ್ನಿನ ಬಾಗಿಲು ಹಾಕಿದರು. "ಇದು ನನಗೆ ಕೇಳ್ಳಿಲ್ಲ. ನೀವೂ ಓದ್ಲಿಲ್ಲ. ಖಲಾಸ್."

"ಓದಿದ್ದೇನೆ ಸರ್."

"ದುಡ್ಡು ಕೊಡ್ಲಿಕ್ಕೆ ಬಂದವರ ಹತ್ರ ನಿಮ್ಮ ಬಾಗಿಲು ಗೋರಿ ಅಂತ ಹೇಳುದಾ? ಆರ್ಡರ್ ಹೋಗ್ತದೆ, ಮತ್ತೆ ನಮ್ಮನ್ನು ಅದರೊಳಗೆ ಮಲಗಿಸಬೇಕು."

ಅಬು ಖಾಲಿದ್ ನಕ್ಷೆ ನೋಡಲು ಬಂದ ದಿನ ಶೆಟ್ರು ನನಗೆ ಫೈಲಿಂಗ್ ಕೆಲಸ ಕೊಟ್ಟು ಒಳಗಿನ ಕೋಣೆಗೆ ಕಳಿಸಿದರು. ನಾನು ಫೈಲು ಹಿಡಿದುಕೊಂಡೇ ಹೊರಗೆ ಬಂದೆ. ನಾನೇ ಕೈಯಾರೆ ಬರೆದದ್ದನ್ನು ಬಾಗಿಲೆಂದು ಸುಳ್ಳು ಹೇಳಿ ಕೊಡಲು ನನ್ನಿಂದಾಗುತ್ತಿರಲಿಲ್ಲ. ಇದು ಬಾಗಿಲಲ್ಲ, ಗೋರಿ, ಮೊದಲೇ ಓದದೆ ಇದ್ದದ್ದು ನನ್ನ ತಪ್ಪು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ಶೆಟ್ರು ಕಣ್ಣು ಮುಚ್ಚಿಕೊಂಡರು.

ಅಬು ಖಾಲಿದ್ ಬಹಳ ಹೊತ್ತು ನಕ್ಷೆಯನ್ನು ನೋಡಿದರು. ಆಮೇಲೆ ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ, ಒಳಗೆ ಹೋದವನು ಹೊರಗೆ ಬಂದಿದ್ದಾನೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಒಳ್ಳೆಯದೇ ಆಯಿತು, ನನ್ನ ಅತಿಥಿಗಳೂ ಬೇಗ ಎದ್ದು ಹೋಗುವುದು ನನಗೆ ಇಷ್ಟವಿಲ್ಲ, ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಕಣ್ಣಿನಲ್ಲಿತ್ತು.

ಶೆಟ್ರು ಉಸಿರು ಬಿಟ್ಟರು. ಆದರೆ ಅಬು ಖಾಲಿದ್ ಮುಗಿಸಿರಲಿಲ್ಲ. ಅವರ ಭಾವಮೈದುನನೂ ಎದುರು ರಸ್ತೆಯಲ್ಲಿ ವಿಲ್ಲಾ ಕಟ್ಟಿಸುತ್ತಿದ್ದಾನಂತೆ. ಅವನು ಇಲ್ಲಿಗೆ ಬಂದು ಇದೇ ಬಾಗಿಲು ಕೇಳಬಾರದು, ಅದು ಗೋರಿ ಎಂದು ತಿಳಿದು ಊರೆಲ್ಲ ಹೇಳಿಕೊಂಡು ನಗಲೂಬಾರದು. ಆದ್ದರಿಂದ ಆ ಪುಟವನ್ನು ಕಿತ್ತು ನನಗೆ ಕೊಡಿ, ಎಂದರು. ನಾನು ಸತ್ಯ ಹೇಳಿ ಗಳಿಸಿದ್ದು ಇದನ್ನು. ಅವರ ಬೆನ್ನ ಹಿಂದೆ ಶೆಟ್ರು ಎರಡು ಬೆರಳಿನಲ್ಲಿ ಕತ್ತರಿ ಆಡಿಸುತ್ತಿದ್ದರು.

"ಪುಟ ಕೊಡುವುದಿಲ್ಲ," ಎಂದೆ. ಇದನ್ನು ಎರಡನೆಯ ಸಲ ಹೇಳುವುದು ಸುಲಭ. "ಪುಸ್ತಕ ನನ್ನದು. ಬೇಕಿದ್ದರೆ ಇಡೀ ಪುಸ್ತಕವೇ ಈ ಆಫೀಸು ಬಿಟ್ಟು ನನ್ನ ಮನೆಗೆ ಹೋಗುತ್ತದೆ. ಆ ಪುಟವನ್ನು ಯಾರಿಗೂ ತೋರಿಸುವುದಿಲ್ಲ."

ಅಬು ಖಾಲಿದ್ ಒಪ್ಪಿದರು. ಶೆಟ್ರ ಕಡೆ ತಿರುಗಿ, ನಾಳೆ ನಾನು ಬಂದಾಗ ಪುಸ್ತಕ ಇಲ್ಲಿರಬಾರದು, ಯಲ್ಲಾ, ಬೇಗ ಆಗಲಿ, ಎಂದರು. ನಾನು ತಿಂಗಳುಗಟ್ಟಲೆ ಕೇಳಲಾರದೆ ಹೋದದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದರು. ಆ ಸಂಜೆ ಶೆಟ್ರೇ ಪುಸ್ತಕವನ್ನು ಎರಡು ಕೈಯಲ್ಲಿ ಹೊತ್ತು ಟ್ಯಾಕ್ಸಿಯವರೆಗೆ ತಂದಿಟ್ಟು, "ಭಾರಿ ಭಾರ ಉಂಟು ಮಾರಾಯ್ರೆ ನಿಮ್ಮದು" ಎಂದರು. ಪುಸ್ತಕವನ್ನು ಹೇಳಿದರೋ ನನ್ನನ್ನು ಹೇಳಿದರೋ, ನಾನು ಕೇಳಲಿಲ್ಲ.

ಈಗ ಆ ಬಾಗಿಲು ಅಲ್ ರಯ್ಯಾನ್‌ನಲ್ಲಿ ನಿಂತಿದೆ. ಅಲ್ಲಿ ಅತಿಥಿಗಳು ಬಹಳ ಹೊತ್ತು ಕೂರುತ್ತಾರೆಂದು ಕೇಳಿದ್ದೇನೆ. ಯಾರಿಗೂ ತೋರಿಸುವುದಿಲ್ಲವೆಂದು ಮಾತು ಕೊಟ್ಟವಳು ಇದನ್ನೆಲ್ಲ ಬರೆದು ಅಚ್ಚಿಗೆ ಕಳಿಸುತ್ತಿದ್ದೀಯಲ್ಲ ಎಂದು ಗಂಡ ಕೇಳಿದರು. ತೋರಿಸುವುದಿಲ್ಲ ಎಂದೆನೇ ಹೊರತು ಬರೆಯುವುದಿಲ್ಲ ಎಂದಿರಲಿಲ್ಲ. ಅಲ್ಲದೆ ಪುಟದ ಸಂಖ್ಯೆಯನ್ನು ನಾನು ಬದಲಾಯಿಸಿಯೇ ಬರೆದಿದ್ದೇನೆ. ನಿಜವಾದ ಸಂಖ್ಯೆಯನ್ನು ಯಾರು ಎಷ್ಟು ಒತ್ತಾಯಿಸಿದರೂ ಹೇಳುವುದಿಲ್ಲ. ಇದುವರೆಗೆ ಯಾರೂ ಕೇಳಿಲ್ಲ.