ಪರದೆಯ ತಂತಿ ಇಲ್ಲಿ ಮಾತ್ರ

ಗಂಡನಿಗೆ ಹೊಳೆದ ಒಳ್ಳೆಯ ಆಲೋಚನೆಗೆ ಮನೆಯಲ್ಲಿ ಸಿಗುವ ಮರ್ಯಾದೆ ಎಷ್ಟು ಎಂಬುದನ್ನು ಹೋದ ಶನಿವಾರ ಅಳೆದು ನೋಡಿದೆ. ಅಳತೆಗೆ ಸಿಗುವಷ್ಟು ಇರಲಿಲ್ಲ.

ನನ್ನವಳು ಕಟ್ಟಡಗಳ ನಕ್ಷೆ ಬರೆಯುವವಳು. ಅವಳದು ಹನ್ನೊಂದು ವರ್ಷದ ಹಳೆಯ ಕಂಪ್ಯೂಟರು. ಅದಕ್ಕೆ ಒಂದೇ ಪರದೆ. ಮೆಟ್ಟಿಲು ನೋಡುವಾಗ ಬಾಗಿಲು ಕಾಣುವುದಿಲ್ಲ, ಬಾಗಿಲು ನೋಡುವಾಗ ಮೆಟ್ಟಿಲು ಕಾಣುವುದಿಲ್ಲ ಎಂದು ಗೊಣಗುತ್ತಿದ್ದಳು. (ಹೀಗಾಗಿಯೇ ಒಂದು ಮನೆಯಲ್ಲಿ ಮೆಟ್ಟಿಲು ನೇರವಾಗಿ ಬಚ್ಚಲಿಗೆ ಇಳಿದಿತ್ತು. ಆ ಮನೆಯವರು ಈಗ ಅಭ್ಯಾಸ ಮಾಡಿಕೊಂಡಿದ್ದಾರೆ.) ಎರಡು ಪರದೆಗಳನ್ನು ಬೆಳಗಿಸಬಲ್ಲ ಗ್ರಾಫಿಕ್ಸ್ ಕಾರ್ಡೊಂದನ್ನು ಒಳಗೆ ಕೂರಿಸಿದರೆ ಸಮಸ್ಯೆ ಮುಗಿಯಿತು. ಕಾರ್ಡು ತಂದೆ, ಎರಡನೆಯ ಪರದೆಯನ್ನೂ ತಂದೆ.

"ಇವತ್ತು ಬೇಡ ಅಂದ್ರೆ ಬೇಡ. ನಾಲ್ಕು ಗಂಟೆಗೆ ಮೆಟ್ಟಿಲಿನ ನಕ್ಷೆ ಕಳಿಸಬೇಕು. ತಡವಾದ್ರೆ ಕಂಟ್ರಾಕ್ಟರು ಇಡೀ ಕೆಲಸಾನೇ ಬೇರೆಯವರಿಗೆ ಕೊಡ್ತಾರೆ."

"ಹತ್ತು ನಿಮಿಷದ ಕೆಲಸ ಕಣೇ."

"ನಲ್ಲಿ ರಿಪೇರೀನೂ ಹತ್ತೇ ನಿಮಿಷ ಅಂದಿದ್ರಿ. ಆಮೇಲೆ ಮೂರು ದಿನ ಪಕ್ಕದ ಮನೇಲಿ ಸ್ನಾನ ಮಾಡಿದ್ವಿ."

ಅವಳು ಅಳತೆ ತೆಗೆಯಲು ಹೊರಗೆ ಹೋಗುವುದನ್ನೇ ಕಾದು, ಶಸ್ತ್ರಚಿಕಿತ್ಸೆ ಆರಂಭಿಸಿದೆ. ನನಗೆ ಭಯವಿರಲಿಲ್ಲ. ನಾನೊಂದು ಕಚೇರಿಯ ದಾಖಲೆ ಕೋಣೆಯ ಮುಖ್ಯಸ್ಥ. ಚೀಟಿಯಿಲ್ಲದ ವಸ್ತು ಅನಾಥ ಎಂಬುದು ನಮ್ಮ ವಿಭಾಗದ ಸಿದ್ಧಾಂತ. ಮನೆಯಲ್ಲೂ ಸಕ್ಕರೆ ಡಬ್ಬಿಯಿಂದ ಹಿಡಿದು ಕಂಪ್ಯೂಟರಿನ ಬೆನ್ನಿನ ತೂತುಗಳವರೆಗೆ ಎಲ್ಲಕ್ಕೂ ನನ್ನ ದುಂಡು ಅಕ್ಷರದ ಚೀಟಿ ಇದೆ. ಕಾರ್ಡು 'ಟಕ್' ಎಂದು ಒಳಗೆ ಕೂತಿತು. ಬಿಚ್ಚಿದ ತಂತಿಗಳನ್ನು ಚೀಟಿ ಓದಿ ಓದಿ ಅವುಗಳ ಜಾಗಕ್ಕೇ ಚುಚ್ಚಿದೆ. ಹಳೆಯ ಪರದೆ ಬೆಳಗಿದ ಮೇಲೆಯೇ ಹೊಸದರ ಪೆಟ್ಟಿಗೆ ಒಡೆಯುವುದು ಎಂದು ಕ್ರಮ ಹಾಕಿಕೊಂಡು ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆಯ ಮೇಲೆ ಮಾತ್ರ 'ಸಿಗ್ನಲ್ ಇಲ್ಲ' ಎಂದು ಬಂದು, ಅದೂ ಮಾಯವಾಯಿತು.

ಧೂಳು ಊದಿದೆ. (ಅದು ನನ್ನ ಕಣ್ಣಿಗೇ ಬಂತು.) ಮೆಮೊರಿ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದೆ. ಪರದೆಯ ಕೆನ್ನೆಗೆ ಮೃದುವಾಗಿ ತಟ್ಟಿದೆ, ಆಮೇಲೆ ಅಷ್ಟು ಮೃದುವಾಗಿ ಅಲ್ಲ. ಎರಡೂವರೆಗೆ ನನ್ನವಳು ಬಂದಾಗ ನಾನು ಮೇಜಿನ ಕೆಳಗಿದ್ದೆ.

"ಎದ್ದು ಬನ್ನಿ. ಆ ಕಾರ್ಡು ಕಿತ್ತುಹಾಕಿ. ಒಂದೇ ಪರದೇಲಿ ಮುಗಿಸ್ಕೋತೀನಿ."

ಎಳೆದೆ. ಅದು ಬರಲಿಲ್ಲ. ಊಟ ಮುಗಿದರೂ ಏಳದ ನೆಂಟನ ಹಾಗೆ ಕೂತಿತ್ತು. ಇನ್ನಷ್ಟು ಎಳೆದೆ. ಇಡೀ ಕಂಪ್ಯೂಟರೇ ಮೇಲಕ್ಕೆ ಬಂತು.

"ನಿಮ್ಮನ್ನ ಕಟ್ಟಿಕೊಂಡು..." ಎಂದು ಅವಳು ಅರ್ಧಕ್ಕೆ ನಿಲ್ಲಿಸಿದಳು. ಅವಳು ಪೂರ್ತಿ ಬೈದರೆ ನನಗೆ ಚಿಂತೆಯಿಲ್ಲ; ಅರ್ಧಕ್ಕೆ ನಿಲ್ಲಿಸಿದರೆ ಕೈಕಾಲು ತಣ್ಣಗಾಗುತ್ತವೆ. ಗಡಿಯಾರ ಮೂರು ದಾಟಿತ್ತು.

ಅಷ್ಟು ಹೊತ್ತೂ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನ ಅತ್ತೆ ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿ ನಿವೃತ್ತರಾದವರು. ಕಂಪ್ಯೂಟರಿನ ಬೆನ್ನನ್ನು ಒಮ್ಮೆ ಬಗ್ಗಿ ನೋಡಿದರು.

"ಅಳಿಯಂದಿರೇ, ಹೊಸ ಕಾರ್ಡಿಗೂ ಹಿಂದುಗಡೆ ಎರಡು ತೂತು ಇದೆಯಲ್ಲ. ಪರದೆ ತಂತಿ ಅಲ್ಲಿಗೆ ಯಾಕೆ ಚುಚ್ಚಿಲ್ಲ?"

"ಅದರ ಜಾಗ ಇದು, ಅತ್ತೆ. ಚೀಟಿ ಇದೆ ನೋಡಿ."

ಅವರು ಗಟ್ಟಿಯಾಗಿ ಓದಿದರು: "'ಪರದೆಯ ತಂತಿ ಇಲ್ಲಿ ಮಾತ್ರ. ಬೇರೆಡೆ ಚುಚ್ಚಕೂಡದು.' ಯಾವ ಪುಣ್ಯಾತ್ಮ ಬರೆದದ್ದು?"

ನಾನು ನೆಲದಲ್ಲಿ ಬಿದ್ದಿರಬಹುದಾದ ಸ್ಕ್ರೂ ಹುಡುಕತೊಡಗಿದೆ.

"ಹೊಸ ಬಾಗಿಲು ಇಟ್ಟ ಮೇಲೂ ಹಳೇ ಬಾಗಿಲನ್ನೇ ತಟ್ಟುತ್ತಾ ಕೂತರೆ ಒಳಗಿನವರು ಓಗೊಡ್ತಾರಾ?" ಎನ್ನುತ್ತಾ ಅವರು ತಂತಿ ಕಿತ್ತು ಕಾರ್ಡಿಗೆ ಚುಚ್ಚಿದರು. ಪರದೆ ಬೆಳಗಿತು. ಹೊಸ ಪರದೆಯ ಪೆಟ್ಟಿಗೆಯನ್ನೂ ಅವರೇ ಒಡೆದರು. ಒಂದರಲ್ಲಿ ಬಾಗಿಲು, ಇನ್ನೊಂದರಲ್ಲಿ ಮೆಟ್ಟಿಲು ಇಟ್ಟುಕೊಂಡು ನನ್ನವಳು ನಾಲ್ಕಕ್ಕೆ ಎರಡು ನಿಮಿಷವಿರುವಾಗ ನಕ್ಷೆ ಕಳಿಸಿದಳು. ಮೆಟ್ಟಿಲು ಬಚ್ಚಲಿಗೆ ಹೋಗಿರಲಿಲ್ಲ.

ಐದು ಗಂಟೆಗೆ ಕಂಟ್ರಾಕ್ಟರರ ಫೋನು. ನಕ್ಷೆ ಚೆನ್ನಾಗಿದೆಯಂತೆ. ನನ್ನವಳು ಆ ದಿನದ ಕಥೆಯನ್ನೆಲ್ಲ (ನನಗೆ ಅನಗತ್ಯವೆನಿಸಿದ ಭಾಗಗಳನ್ನೂ ಸೇರಿಸಿ) ಹೇಳಿದಳು. ಆ ಕಡೆಯಿಂದ ನಗು ಬಂತು, ನಂತರ ದೊಡ್ಡ ದನಿ: "ನಮ್ಮ ಆಫೀಸಲ್ಲೂ ಒಂದು ಪರದೆ ವಾರದಿಂದ ಕತ್ತಲಾಗಿ ಕೂತಿದೆ. ಅದನ್ನ ಸರಿಮಾಡಿದವರನ್ನ ಸ್ವಲ್ಪ ಕಳಿಸ್ತೀರಾ? ಕಾರು ಕಳಿಸ್ತೀನಿ."

ಬೇಡವೆನ್ನಲಾಗದೆ ಕಾಲರು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀವೂ ಬನ್ನಿ ಅಳಿಯಂದಿರೇ," ಎಂದರು ಪ್ರೀತಿಯಿಂದ. "ಮೇಜಿನ ಕೆಳಗೆ ನುಗ್ಗೋಕೆ ನನ್ನ ಮಂಡಿಗೆ ಆಗಲ್ಲ."