ಗಡಹಿಂಗ್ಲಜದ ಗೌನಿನ ಅಂಗಡಿಯಿಂದ ‘ಮುಸುಕು’ ಆ್ಯಪಿನವರಿಗೆ

‘ಮುಸುಕು’ ಆ್ಯಪನ್ನು ನಿರ್ಮಿಸಿದ ಮಹನೀಯರ ಪಾದಗಳಿಗೆ, ಅವು ಯಾವ ದೇಶದ ನೆಲದ ಮೇಲಿದ್ದರೂ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಹೆಸರಾಗಲಿ ಊರಾಗಲಿ ಎಲ್ಲಿ ಹುಡುಕಿದರೂ ಸಿಗದ ಕಾರಣ ಈ ದೂರನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಓದುವವರಲ್ಲಿ ತಾವೂ ಇದ್ದರೆ ಕೃಪೆಮಾಡಿ ಒಮ್ಮೆ ಕೆಮ್ಮಬೇಕು.

ನಾನು ಮತ್ತು ಗೆಳತಿ ಸ್ನೇಹಲ ಇಚಲಕರಂಜಿಯಲ್ಲಿ ತಾತ್ಯಾಸಾಹೇಬರ ಕಾರಖಾನೆಯಲ್ಲಿ ಹನ್ನೊಂದು ವರ್ಷ ಗೌನು ಹೊಲಿದವರು. ಸ್ವಂತ ಅಂಗಡಿ ತೆರೆಯುವ ಆಸೆ ನಮಗೆ ಹುಟ್ಟಿದಾಗ ಅದನ್ನು ಮುಚ್ಚಿಡಬೇಕಾಯಿತು, ಏಕೆಂದರೆ ಹಿಂದೆ ಇದೇ ಆಸೆಪಟ್ಟ ಇಬ್ಬರನ್ನು ಮಾಲಕರು ಅದೇ ದಿನ ಮನೆಗೆ ಕಳಿಸಿದ್ದರು, ಮತ್ತು ಬೆನ್ನ ಹಿಂದೆ ನಿಂತು ಪರರ ಮೊಬೈಲು ಓದುವ ವಿದ್ಯೆಯಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಆಗ ಸ್ನೇಹಲ ತಮ್ಮ ಆ್ಯಪನ್ನು ಹುಡುಕಿ ತಂದಳು. ಹೆಸರು ಬೇಡ, ನಂಬರು ಬೇಡ. ಮಾತು ಉಳ್ಳಾಗಡ್ಡಿಯಂತೆ ಪದರ ಮೇಲೆ ಪದರು ಹೊದ್ದು ಮೂರು ದೇಶ ಸುತ್ತಿ ಬರುತ್ತದೆಯಂತೆ. ನಾನು ‘ಗರುಡ’ನಾದೆ, ಅವಳು ‘ಹುಲಿ’ಯಾದಳು.

ತಮ್ಮ ಭದ್ರತೆಯನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕದ ಮಶೀನಿನ ಸ್ನೇಹಲಳಿಗೆ ನಾನು ಕಳಿಸಿದ ‘ಊಟಕ್ಕ ಏಳು’ ಎಂಬ ಸಂದೇಶ ವಿದೇಶ ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಆಕೆ ಉಂಡು ಕೈ ತೊಳೆದಿದ್ದಳು. ಅಷ್ಟು ದೂರ ಹೋಗಿ ಬರುವ ಸಂದೇಶ ಬರಿಗೈಯಲ್ಲಿ ಬರುವ ಬದಲು ನಾಲ್ಕು ರೀಲು ದಾರವನ್ನಾದರೂ ತರುವಂತೆ ವ್ಯವಸ್ಥೆ ಮಾಡಬೇಕು. ನಡುವೆ ಸಂದೇಶವನ್ನು ಇಟ್ಟುಕೊಂಡು ಆಮೇಲೆ ತಲುಪಿಸುವವರು ಯಾರೂ ಇಲ್ಲದ್ದರಿಂದ ಎರಡೂ ಫೋನು ಒಟ್ಟಿಗೆ ತೆರೆದಿರಬೇಕಂತೆ; ಹೀಗಾಗಿ ನಾನು ಪ್ರತಿಸಲವೂ ಇಡೀ ಕಾರಖಾನೆಗೆ ಕೇಳುವಂತೆ “ಏ ಸ್ನೇಹಲ, ಗುಟ್ಟಿಂದು ತಗಿಯವ್ವಾ!” ಎಂದು ಕೂಗುತ್ತಿದ್ದೆ. ಎದುರಿನವರು ನಿಜವಾಗಿಯೂ ಅವರೇ ಎಂದು ಖಾತ್ರಿಪಡಿಸಿಕೊಳ್ಳಲು ಅರವತ್ತು ಅಂಕಿಗಳನ್ನು ಓದಿ ಹೋಲಿಸಬೇಕೆಂದು ತಾವು ಅಪ್ಪಣೆ ಕೊಟ್ಟಿದ್ದಿರಿ. ಮಳಿಗೆ ನೋಡಲು ಗಡಹಿಂಗ್ಲಜಕ್ಕೆ ಹೊರಟ ಬಸ್ಸಿನಲ್ಲಿ ಅದನ್ನು ಭಕ್ತಿಯಿಂದ ಪಾಲಿಸಿದೆವು. ಹಿಂದಿನ ಸೀಟಿನ ಅಜ್ಜಿ ಬಗ್ಗಿ ನೋಡಿ “ಅದು ಎಂಟಲ್ಲವ್ವಾ, ಮೂರು” ಎಂದು ತಿದ್ದಿದರು.

ಇಷ್ಟಾದ ಮೇಲೆ ಒಂದು ದಿನ ನಮ್ಮ ಗುಂಪಿನೊಳಗೆ ‘ಗುಂಡಿ’ ಎಂಬ ಮೂರನೆಯ ವ್ಯಕ್ತಿ ಕಾಣಿಸಿಕೊಂಡಿತು. ಅದು ಸ್ನೇಹಲಳ ಯಾರೋ ಗೆಳತಿಯಿರಬೇಕೆಂದು ನಾನು, ನನ್ನವಳೆಂದು ಸ್ನೇಹಲ ತಿಳಿದು, ಮೊದಲ ದಿನವೇ ಅದರ ಸಲಹೆ ಕೇಳಿದೆವು. ನೋಡಿದ ಮಳಿಗೆ ಸೋರುತ್ತದೆ, ಬಸ್ ಸ್ಟ್ಯಾಂಡಿನ ಹತ್ತಿರದ್ದು ಹಿಡಿಯಿರಿ ಎಂದಿತು. ಮೂರನೆಯ ದಿನ, ಗರುಡನಿಗೆ ತೋಳು ಕತ್ತರಿಸಲು ಕೊಡಬೇಡಿ, ಓರೆ ಹೋಗುತ್ತದೆ ಎಂದಿತು. ನನ್ನ ಕತ್ತರಿಯ ಓರೆ ಬಲ್ಲವರು ಕಾರಖಾನೆಯ ಒಳಗಿನವರೇ! ಮಾಲಕರೇ ಇರಬೇಕೆಂದುಕೊಂಡೆವು. ಸ್ನೇಹಲ ಆ ದಿನ ಗೌನಿನ ಬೆನ್ನಿಗೆ ಕಿಸೆ ಹಚ್ಚಿದಳು. ‘ನೀವು ಯಾರ್ರಿ?’ ಎಂದು ಕೇಳಿದ್ದಕ್ಕೆ ‘ರವಿವಾರ ಹನ್ನೊಂದಕ್ಕ ಇಚಲಕರಂಜಿ ಬಸ್ ಸ್ಟ್ಯಾಂಡಿಗೆ ಬರ್ರಿ’ ಎಂಬ ಉತ್ತರ ಬಂತು.

ಕೆಲಸ ಹೋಯಿತೆಂದೇ ತಿಳಿದು ಹೋದೆವು. ಸರಿಯಾಗಿ ಹನ್ನೊಂದಕ್ಕೆ ತಾತ್ಯಾಸಾಹೇಬರ ಸ್ಕೂಟರು, ಅದರ ಮೇಲೆ ಅವರದೇ ಹೆಲ್ಮೆಟ್ಟು ಬಂದವು. ನಾವು ಕಬ್ಬಿನ ಹಾಲಿನ ಗಾಡಿಯ ಹಿಂದೆ ಅವಿತೆವು. ಹೆಲ್ಮೆಟ್ಟು ತೆಗೆದರೆ ಒಳಗಿದ್ದವರು ಮಾಲಕರ ಪತ್ನಿ ಯಮುನಾಬಾಯಿ!

“ಓಡಬ್ಯಾಡ್ರೆವ್ವಾ, ನಾನೂ ಕದ್ದ ಬಂದೇನಿ,” ಎಂದರು. ಸ್ನೇಹಲ ನನಗಾಗಿ ಮುದ್ರಿಸಿ ತಂದಿದ್ದ ಕೋಡಿನ ಚೀಟಿ ಕತ್ತರಿ ಮೇಜಿನ ಮೇಲೆ ಉಳಿದಿತ್ತಂತೆ. ಏನೆಂದು ನೋಡಲು ಅವರು ಸ್ಕ್ಯಾನ್ ಮಾಡಿದ್ದೇ ನಮ್ಮ ಗುಂಪಿನೊಳಗೆ ಬಂದುಬಿಟ್ಟಿದ್ದರಂತೆ. “ಇಪ್ಪತ್ತೆರಡ ವರ್ಷ ಆ ಮೇಜಿನ ಮುಂದ ನಿಂತೇನಿ. ‘ಬಾಯೀ, ಹೆಂಗ ಮಾಡೂಣು’ ಅಂತ ಒಬ್ಬರೂ ಕೇಳಿಲ್ಲ. ನೀವು ನಾ ಯಾರಂತ ಗೊತ್ತಿಲ್ಲದನ ಕೇಳಿದ್ರಿ. ನನ್ನೂ ಕರಕೊಳ್ರಿ.” ನಾವು ಮೂವರೂ ಆ ಗಾಡಿಯ ಮುಂದೆ ನಿಂತು ಅತ್ತು, ನಕ್ಕು, ಎರಡೆರಡು ಗ್ಲಾಸು ಕಬ್ಬಿನ ಹಾಲು ಕುಡಿದೆವು.

ತಾತ್ಯಾಸಾಹೇಬರಿಗೆ ಅವರು ಅಂದೇ ಊಟದ ಹೊತ್ತಿಗೆ ಹೇಳಿದರು. ಎಲ್ಲರ ಮೊಬೈಲು ಓದಿದ್ದ ಆ ಮಹಾನುಭಾವರು ಓದದೇ ಬಿಟ್ಟದ್ದು ಹೆಂಡತಿಯದನ್ನು ಮಾತ್ರ. ಎರಡು ದಿನ ಕೂಗಾಡಿದರು. ಮೂರನೆಯ ದಿನ ಗುಂಡಿತೂತು ಹೊಲಿಯುವ ಮಶೀನನ್ನು ತಾವೇ ಟೆಂಪೋದಲ್ಲಿ ಹಾಕಿಸಿ ಗಡಹಿಂಗ್ಲಜಕ್ಕೆ ಕಳಿಸಿದರು. ಯಮುನಾಬಾಯಿಯವರ ತವರು ಇಲ್ಲಿಯೇ. ವಾರವೆಲ್ಲ ಇಲ್ಲಿದ್ದು ಶನಿವಾರ ಇಚಲಕರಂಜಿಗೆ ಹೋಗುತ್ತಾರೆ.

ಆದ್ದರಿಂದ ಮಾನ್ಯರೇ, ನಮ್ಮ ಹಿತೈಷಿಯನ್ನೇ ನಮ್ಮಿಂದ ಅಷ್ಟು ಚೆನ್ನಾಗಿ ಬಚ್ಚಿಟ್ಟು ಹಾಳುಮಾಡಿದ ಒಂದು ವಾರದ ನಿದ್ದೆಯನ್ನು ತಾವು ಕೂಡಲೇ ಹಿಂದಿರುಗಿಸಬೇಕೆಂದು ಕೋರುತ್ತೇನೆ. ನಿನ್ನೆ ಬೋರ್ಡು ಬರೆಯುವವನು ಅಂಗಡಿಗೆ ಯಾವ ದೇವರ ಹೆಸರೆಂದು ಕೇಳಿದ. ಯಮುನಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತರು. “ದೇವರಿಗೆ ಭಾಳ ಬೋರ್ಡ್ ಅದಾವ. ನಮ್ಮ ಮೂರೂ ಮಂದಿ ಹೆಸರ ಬರಿ. ಓಡೋ ಬಸ್ಸಿನ್ಯಾಗ ಕುಂತವರಿಗೂ ಕಾಣಬೇಕು.”

ತಮ್ಮ ವಿಶ್ವಾಸಿ, ತೋಳು ಕತ್ತರಿಸಲು ಈಗಲೂ ಅನುಮತಿ ಇಲ್ಲದ,
ಅಕ್ಕಾತಾಯಿ

ತಾ.ಕ.: ಇಂದು ಬೆಳಿಗ್ಗೆ ತಮ್ಮ ಆ್ಯಪಿನಲ್ಲಿ ‘ಅಪರಿಚಿತ’ ಎಂಬವರು ಬಂದು, ಇಚಲಕರಂಜಿಯ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಯಮುನಾಬಾಯಿಯವರನ್ನು ಕೇಳಿದ್ದಾರೆ. ತಮ್ಮ ಭದ್ರತೆ ಅಭೇದ್ಯವಾದ್ದರಿಂದ ಅವರು ಯಾರೆಂದು ನಮಗೆ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.